ವೆಬ್ ಅಪ್ಲಿಕೇಶನ್ನಿನ ಪದರಗಳಲ್ಲಿ ನಿಯಮದ ಸ್ಥಾನ

ಉದ್ದೇಶ: ವೆಬ್ ಅಪ್ಲಿಕೇಶನ್ನಿನ ಯಾವ ತರ್ಕವು ಯಾವ ಪದರದಲ್ಲಿರಬೇಕೆಂಬುದನ್ನು ವಿದ್ಯಾರ್ಥಿಗಳು ಕಾರಣಸಹಿತವಾಗಿ ನಿರ್ಣಯಿಸುವರು.

ವಿಷಯ ನಿರೂಪಣೆ: ಕಣ್ಣಿಗೆ ಕಾಣುವ ರೂಪವನ್ನೂ ಒಳಗಿನ ವಿಷಯವನ್ನೂ ಬೇರ್ಪಡಿಸುವ ವಿಚಾರ ಹೊಸತಲ್ಲ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಅವರು 1979ರಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಮಾಡೆಲ್–ವ್ಯೂ–ಕಂಟ್ರೋಲರ್ ವಿನ್ಯಾಸವನ್ನು ರೂಪಿಸಿದರು. ಇಂದಿನ ವೆಬ್ ಅಪ್ಲಿಕೇಶನ್‌ಗಳಲ್ಲಿ ಪ್ರದರ್ಶನ, ನಿಯಮ, ದತ್ತಾಂಶ ಎಂಬ ಮೂರು ಪದರಗಳನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ನಮ್ಮ ಪರಿಸರಕ್ಕೆ ಹತ್ತಿರವಾದ ಉದಾಹರಣೆಯೊಂದನ್ನು ಅಧ್ಯಾಪಕರು ಮುಂದಿಡಬಹುದು. ಶಾಲೆಯೊಂದರ ಫಲಿತಾಂಶವನ್ನು ಕನ್ನಡ ಪುಟದಲ್ಲಿಯೂ ಮಲಯಾಳ ಪುಟದಲ್ಲಿಯೂ ತೋರಿಸಬೇಕಾಗಿದೆ ಎನ್ನೋಣ. ‘35 ಅಂಕ ಬಂದರೆ ಉತ್ತೀರ್ಣ’ ಎಂಬ ನಿಯಮವನ್ನು ಎರಡು ಪುಟಗಳಲ್ಲಿಯೂ ಪ್ರತ್ಯೇಕವಾಗಿ ಬರೆಯಲಾಗಿದೆ. ಮುಂದೆ ಆ ಮಿತಿ 30ಕ್ಕೆ ಇಳಿದು, ಮಲಯಾಳ ಪುಟವನ್ನು ಮಾತ್ರ ತಿದ್ದಿದರೆ, 32 ಅಂಕ ಪಡೆದ ಮಗು ಒಂದು ಭಾಷೆಯಲ್ಲಿ ಉತ್ತೀರ್ಣ, ಇನ್ನೊಂದರಲ್ಲಿ ಅನುತ್ತೀರ್ಣ! ಭಾಷೆ ಬದಲಾದಾಗ ಪದ ಬದಲಾಗಬೇಕೇ ಹೊರತು ಫಲಿತಾಂಶವಲ್ಲ. ಆದುದರಿಂದ ತೀರ್ಮಾನವು ನಿಯಮದ ಪದರದಲ್ಲಿ ಒಂದೇ ಕಡೆ ಇರತಕ್ಕದ್ದು. ಅದನ್ನು ಹೇಳುವ ಪದ ಪ್ರದರ್ಶನದ ಪದರಕ್ಕೆ ಸೇರಿದ್ದು.

ಕಂಟ್ರೋಲರ್ ಕೋರಿಕೆಯನ್ನು ಸ್ವೀಕರಿಸಿ, ನಿಯಮವನ್ನು ಕರೆದು, ಉತ್ತರವನ್ನು ತಕ್ಕ ಪುಟಕ್ಕೆ ಒಪ್ಪಿಸಿದರೆ ಸಾಕು. ಅಲ್ಲಿಯೇ ನಿಯಮವನ್ನು ಬರೆದರೆ, ಅಂಕಪಟ್ಟಿ ಮುದ್ರಿಸುವ ಭಾಗಕ್ಕೂ ಮೊಬೈಲ್ ಆ್ಯಪ್‌ಗೂ ಅದನ್ನೇ ನಕಲು ಮಾಡಬೇಕಾಗುತ್ತದೆ.

ಎರಡು ಅಂಶಗಳನ್ನು ವಿಶೇಷವಾಗಿ ಒತ್ತಿ ಹೇಳಬೇಕು. ಮೊದಲನೆಯದಾಗಿ, ಬ್ರೌಸರಿನಲ್ಲಿ ನಡೆಯುವ ಪರಿಶೀಲನೆ ಬಳಕೆದಾರನಿಗೆ ಅನುಕೂಲವೇ ಹೊರತು ರಕ್ಷಣೆಯಲ್ಲ; ಪುಟವನ್ನು ಬಳಸದೆಯೂ ಸರ್ವರಿಗೆ ಕೋರಿಕೆ ಕಳುಹಿಸಬಹುದಾದ್ದರಿಂದ ಅಲ್ಲಿಯೂ ಪರಿಶೀಲಿಸಲೇಬೇಕು. ಎರಡನೆಯದಾಗಿ, ‘ಒಬ್ಬ ವಿದ್ಯಾರ್ಥಿಗೆ ಒಂದು ಪರೀಕ್ಷೆಯ ಒಂದು ವಿಷಯದಲ್ಲಿ ಒಂದೇ ಅಂಕ’ ಎಂಬ ನಿರ್ಬಂಧವನ್ನು ಡೇಟಾಬೇಸಿನಲ್ಲಿಯೂ ಹಾಕಬೇಕು. ಇಬ್ಬರು ಅಧ್ಯಾಪಕರು ಒಂದೇ ಕ್ಷಣದಲ್ಲಿ ಅಂಕ ದಾಖಲಿಸಿದರೆ, ಎರಡು ಕೋರಿಕೆಗಳೂ ‘ಇನ್ನೂ ದಾಖಲಾಗಿಲ್ಲ’ ಎಂದೇ ಕಂಡು ಮುಂದುವರಿಯಬಹುದು. ಆಗ ಎರಡನೆಯದನ್ನು ತಡೆಯುವುದು ಆ ನಿರ್ಬಂಧವೇ.

ಚಟುವಟಿಕೆ: ಕೆಳಗಿನವುಗಳನ್ನು ಕರಿಹಲಗೆಯಲ್ಲಿ ಬರೆದು, ಗುಂಪುಗಳಲ್ಲಿ ಚರ್ಚಿಸಿ ಪದರವಾರು ವಿಂಗಡಿಸಲು ಹೇಳಿರಿ.
1. ಅನುತ್ತೀರ್ಣರ ಅಂಕ ಕೆಂಪು ಬಣ್ಣದಲ್ಲಿರಲಿ.
2. ಹಾಜರಿ ಕಡಿಮೆಯಿದ್ದವರಿಗೆ ಪರೀಕ್ಷಾ ಪ್ರವೇಶವಿಲ್ಲ.
3. ಪ್ರವೇಶ ಸಂಖ್ಯೆ ಇಬ್ಬರಿಗೆ ಒಂದೇ ಆಗಬಾರದು.

ಸಂದೇಹ ಬಂದಾಗ ಈ ಪ್ರಶ್ನೆ ನೆರವಾಗುತ್ತದೆ: ಗಣಕಯಂತ್ರವಿಲ್ಲದೆ ಕಾಗದದ ರಿಜಿಸ್ಟರಿನಲ್ಲಿ ಬರೆದರೂ ಈ ಮಾತು ನಿಲ್ಲುವುದೇ? ನಿಲ್ಲುವುದಾದರೆ ಅದು ಪುಟಕ್ಕೆ ಸೇರಿದ್ದಲ್ಲ.

ಮೌಲ್ಯಮಾಪನ: ಮೂರನೆಯ ವಾಕ್ಯವು ಎರಡು ಪದರಗಳಿಗೂ ಏಕೆ ಸಲ್ಲುತ್ತದೆ? ಕಾರಣ ಕೊಡಿರಿ.