ಮನಸ್ಸಿನ ಮಾತು ಕೇಳುವ ಕೆಲಸ

ನಮ್ಮ ಮುಂದುವರಿಕೆ ವಿದ್ಯಾಕೇಂದ್ರಕ್ಕೆ ಬೀಡಿ ಕಟ್ಟುವ ಒಬ್ಬರು ಅಕ್ಕ ಬರುತ್ತಾರೆ. ಏಳನೇ ತರಗತಿಯ ತತ್ಸಮಾನ ಪರೀಕ್ಷೆ ಪಾಸಾಗಿದ್ದಾರೆ. ಒಂದು ಸಂಜೆ ಅವರು ಪುಸ್ತಕ ಮುಚ್ಚಿಟ್ಟು ಕೇಳಿದರು: "ಟೀಚರೇ, ಆಸ್ಪತ್ರೆಯಲ್ಲಿ ಕೂತು ಜನರನ್ನು ಮಾತಾಡಿಸ್ತಾರಲ್ಲ, ಆ ಕೆಲಸಕ್ಕೆ ಎಷ್ಟು ಕಲೀಬೇಕು? ನನಗೆ ಸಿಗ್ತದಾ?"

ಯಾಕೆ ಕೇಳಿದರು ಎಂಬುದಕ್ಕೆ ಒಂದು ಕಥೆ ಉಂಟು.

ಅಕ್ಕನ ತಮ್ಮನ ಹೆಂಡತಿಗೆ ಹೆರಿಗೆಯಾದ ಮೇಲೆ ನಿದ್ರೆ ಇರಲಿಲ್ಲ. ಊಟ ಬೇಡ, ಮಾತು ಬೇಡ. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಮನೆಯವರು ದೃಷ್ಟಿ ತೆಗೆಸಿದರು, ನೂಲು ಕಟ್ಟಿಸಿದರು. ಕೊನೆಗೆ ಅಕ್ಕನೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಕೌನ್ಸೆಲರ್ ಒಳ್ಳೆಯ ಹುಡುಗಿ. ಆದರೆ ಅವರಿಗೆ ಮಲಯಾಳ ಮಾತ್ರ ಬರುತ್ತಿತ್ತು. ತಮ್ಮನ ಹೆಂಡತಿ ಘಟ್ಟದ ಮೇಲಿನವಳು, ಅವಳಿಗೆ ಕನ್ನಡ ಮಾತ್ರ. ಅಕ್ಕ ನಡುವೆ ಕೂತು ಇಬ್ಬರ ಮಾತನ್ನೂ ತಿಳಿಸಿದರು. "ಮನೆಯಲ್ಲಿ ತೊಂದರೆ ಉಂಟಾ?" ಎಂದು ಕೌನ್ಸೆಲರ್ ಕೇಳಿದರು. "ಇಲ್ಲ" ಎಂದಳು ಅವಳು. ಅಕ್ಕನೂ "ಇಲ್ಲ" ಎಂದೇ ತಿಳಿಸಿದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ ಹೊಳೆಯಿತು. ತೊಂದರೆ ಇದ್ದದ್ದು ಗಂಡನ ಮನೆಯಲ್ಲೇ. ಗಂಡನ ಅಕ್ಕನೇ ಪಕ್ಕದಲ್ಲಿ ಕೂತಿರುವಾಗ ಆ ಹುಡುಗಿ ಹೇಗೆ ಹೇಳಬೇಕು?

"ನನಗೆ ಮಾತು ಬರ್ತಿತ್ತು, ಆದ್ರೆ ನಾನು ಅಲ್ಲಿ ಕೂರ್ಬಾರದಿತ್ತು" ಎಂದರು ಅಕ್ಕ. ಈ ಒಂದು ಮಾತು ಇಡೀ ಪಾಠದಷ್ಟು ದೊಡ್ಡದು ಎಂದು ನನಗೆ ಅನಿಸಿತು. ನಮ್ಮ ಜಿಲ್ಲೆಯನ್ನು ಸಪ್ತಭಾಷೆಗಳ ನಾಡು ಎನ್ನುತ್ತೇವೆ. ಇಲ್ಲಿ ದುಃಖವನ್ನು ಅವರವರ ಭಾಷೆಯಲ್ಲೇ ಕೇಳುವ, ಆದರೆ ಅವರ ಮನೆಯವರಲ್ಲದ ಒಬ್ಬರು ಬೇಕು. ಆ ಒಬ್ಬರು ನೀವಾಗಬಹುದೇ? ನೋಡೋಣ.

ಈ ಕೆಲಸಕ್ಕೆ ಪುಸ್ತಕದ ಹೆಸರು ಆಪ್ತ ಸಮಾಲೋಚನೆ. ಬಾಯಿಮಾತಿನಲ್ಲಿ ಕೌನ್ಸೆಲಿಂಗ್. ಕೆಲವರು ಆಪ್ತಸಲಹೆ ಎಂದೂ ಬರೆಯುತ್ತಾರೆ. ಸಲಹೆ ಎಂಬ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಸಲಹೆ ಕೊಡುವವರು ನಮ್ಮಲ್ಲಿ ಮನೆಗೆ ಹತ್ತು ಜನ ಇದ್ದಾರೆ. ಕೇಳುವವರು ಕಡಿಮೆ. ಒಬ್ಬರ ಅಡಿಕೆ ತೋಟಕ್ಕೆ ಹಳದಿ ರೋಗ ಬಂತು, ಸಾಲ ಏರಿತು, ಕುಡಿತ ಶುರುವಾಯಿತು ಎಂದಿಟ್ಟುಕೊಳ್ಳಿ. "ಧೈರ್ಯ ತಗೊಳ್ಳಿ, ಎಲ್ಲ ಸರಿಯಾಗ್ತದೆ" ಎನ್ನುವುದು ನೆರೆಯವರ ಮಾತು. ಕೌನ್ಸೆಲರ್ ಹಾಗೆ ಹೇಳುವುದಿಲ್ಲ. "ರಾತ್ರಿ ನಿದ್ರೆ ಬರ್ತದಾ? ಎಚ್ಚರ ಆದಾಗ ಎಂತ ಯೋಚನೆ ಬರ್ತದೆ?" ಎಂದು ಕೇಳುತ್ತಾರೆ. ಮತ್ತೆ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದೇ ಕಷ್ಟದ ಪಾಲು. ಬೇಕಾದರೆ ಇವತ್ತು ಮನೆಯಲ್ಲಿ ಐದು ನಿಮಿಷ ಮಾಡಿ ನೋಡಿ.

ಕೌನ್ಸೆಲರ್ ಮದ್ದು ಕೊಡುವುದಿಲ್ಲ. ಮದ್ದು ಬರೆಯುವವರು ಮನೋರೋಗ ವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬವರು ಬೇರೆ. ಆ ಹೆಸರು ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು.

ಈಗ ಕೆಲಸ ಎಲ್ಲಿ ಉಂಟು ಎಂದು ನೋಡುವ. ನಮ್ಮ ದೇಶದಲ್ಲಿ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಗ ಮಾನಸಿಕ ಚಿಕಿತ್ಸೆ ಎಂದರೆ ದೊಡ್ಡ ಪಟ್ಟಣಕ್ಕೇ ಹೋಗಬೇಕಿತ್ತು. ಅದನ್ನು ಹಳ್ಳಿಯ ಆಸ್ಪತ್ರೆಯಲ್ಲೇ ಕೊಡಬಹುದು ಎಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾಸರಗೋಡಿನಲ್ಲೂ ಅದು ಉಂಟು. ಇದಲ್ಲದೆ ಶಾಲೆಗಳಲ್ಲಿ, ಕುಡಿತ ಬಿಡಿಸುವ ಕೇಂದ್ರಗಳಲ್ಲಿ, ಎಚ್.ಐ.ವಿ. ಪರೀಕ್ಷಾ ಕೇಂದ್ರಗಳಲ್ಲಿ, ಕುಟುಂಬಶ್ರೀಯ ಸ್ನೇಹಿತಾ ಕೇಂದ್ರದಲ್ಲಿ ಕೌನ್ಸೆಲರ್ ಇರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ಫೋನ್ ಸೇವೆ ಶುರುವಾಯಿತು. ಅದರ ನಂಬ್ರ 14416. ಹಗಲು ರಾತ್ರಿ, ಹಣ ಇಲ್ಲದೆ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಫೋನ್ ಎತ್ತುವವರಿಗೂ ಅದು ಒಂದು ಉದ್ಯೋಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಹೆಚ್ಚಿನವು ಕರಾರಿನ ಕೆಲಸ. ವರ್ಷ ತುಂಬಿದ ಮೇಲೆ ಮತ್ತೆ ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಲಿಕೆ ಎಷ್ಟು ಬೇಕು? ಆಸ್ಪತ್ರೆ ಮತ್ತು ಶಾಲೆಯ ಕೆಲಸಕ್ಕೆ ಸಾಮಾನ್ಯವಾಗಿ ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್‌ಸಿ., ಇಲ್ಲವೇ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಕೇಳುತ್ತಾರೆ. ಎಂ.ಎಸ್.ಡಬ್ಲ್ಯು. ನಮ್ಮ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಉಂಟು. ಅಕ್ಕ ಇದನ್ನು ಕೇಳಿ ಬೆರಳು ಮಡಚಿ ಲೆಕ್ಕ ಹಾಕಿದರು. ಏಳರಿಂದ ಹತ್ತಕ್ಕೆ 1 ವರ್ಷ. ಹನ್ನೆರಡಕ್ಕೆ 2 ವರ್ಷ. ಪದವಿಗೆ 3, ಅದರ ಮೇಲೆ 2. ಒಮ್ಮೆಯೂ ನಪಾಸಾಗದಿದ್ದರೆ 8 ವರ್ಷ. "ನನಗೀಗ 34" ಎಂದರು. "ಆಗ 42 ಆಗ್ತದೆ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಕಲಿಯದಿದ್ರೂ 42 ಆಗ್ತದಲ್ಲ" ಎಂದರು. ಎಲ್ಲರೂ ನಕ್ಕರು.

ನಾನು ಸುಳ್ಳು ಆಸೆ ಹುಟ್ಟಿಸುವುದಿಲ್ಲ. 8 ವರ್ಷ ಕಮ್ಮಿ ಅಲ್ಲ. ಬೀಡಿ ಕಟ್ಟಿ, ಅಡಿಗೆ ಮಾಡಿ, ಉಳಿದ ಹೊತ್ತಿನಲ್ಲಿ ಓದಬೇಕು. ಆದರೆ ಹತ್ತನೇ ತರಗತಿ ಎಂಬ ಮೆಟ್ಟಿಲು ಅಷ್ಟು ದೂರ ಇಲ್ಲ. 17 ವರ್ಷ ತುಂಬಿದ, ಏಳನೇ ತರಗತಿ ಪಾಸಾದ ಯಾರೂ ಸಾಕ್ಷರತಾ ಮಿಷನ್‌ನ ಹತ್ತನೇ ತತ್ಸಮಾನ ಕೋರ್ಸಿಗೆ ಸೇರಬಹುದು. ಅದನ್ನು ಕನ್ನಡದಲ್ಲೇ ಬರೆಯಬಹುದು. ಊರಲ್ಲಿ ಇದನ್ನೇ ತುಲ್ಯತಾ ಪರೀಕ್ಷೆ ಎನ್ನುತ್ತಾರೆ. ಹನ್ನೆರಡನೆಯದಕ್ಕೆ 22 ವರ್ಷ ತುಂಬಿರಬೇಕು.

ಹತ್ತನೇ ತರಗತಿ ಆದವರಿಂದ ಈ ಕೆಲಸದಲ್ಲಿ ಏನು ಸಾಧ್ಯ? ಗೋವಾದ ಒಂದು ವಿಷಯ ಕೇಳಿ. ಅಲ್ಲಿ ಸಂಗಾತ್ ಎಂಬ ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ. ಅವರು ಊರಿನ ಸಾಮಾನ್ಯ ಜನರನ್ನೇ ಆರಿಸಿದರು. ಅವರು ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಅವರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಖಿನ್ನತೆ ಇದ್ದವರೊಂದಿಗೆ ಅವರು 6ರಿಂದ 8 ಸಲ, ಸಲಕ್ಕೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಮಾತಾಡಿದರು. ಎಂತ ಮಾತಾಡಿದರು? ದುಃಖ ಬಂದಾಗ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾನೆ. ತೋಟಕ್ಕೆ ಹೋಗುವುದಿಲ್ಲ, ಮದುವೆಗೆ ಹೋಗುವುದಿಲ್ಲ, ತಲೆ ಬಾಚುವುದಿಲ್ಲ. ಬಿಟ್ಟಷ್ಟೂ ಮನಸ್ಸು ಕುಗ್ಗುತ್ತದೆ. ಕುಗ್ಗಿದಷ್ಟೂ ಇನ್ನೊಂದು ಬಿಡುತ್ತಾನೆ. ಆ ಕೌನ್ಸೆಲರ್‌ಗಳು ಅವರ ಜೊತೆ ಕೂತು, ಬಿಟ್ಟ ಕೆಲಸಗಳಲ್ಲಿ ಒಂದು ಸಣ್ಣದನ್ನು ಮತ್ತೆ ಹಿಡಿಸುತ್ತಿದ್ದರು. ಮುಂದಿನ ಸಲ ಇನ್ನೊಂದು. ಮೂರು ತಿಂಗಳ ನಂತರ ನೋಡಿದಾಗ, ಹೀಗೆ ಮಾತಾಡಿಸಿದ 100 ಜನರಲ್ಲಿ ಸುಮಾರು 64 ಮಂದಿಯ ಖಿನ್ನತೆ ಇಳಿದಿತ್ತು. ಹಾಗೆ ಮಾತಾಡಿಸದವರಲ್ಲಿ ಇಳಿದದ್ದು 39 ಮಂದಿಗೆ. ಈ ಲೆಕ್ಕ ಲ್ಯಾನ್ಸೆಟ್ ಎಂಬ ವೈದ್ಯರ ಪತ್ರಿಕೆಯಲ್ಲಿ 2017ರಲ್ಲಿ ಅಚ್ಚಾಯಿತು. ಆದರೆ ನೆನಪಿಡಿ, ಅವರನ್ನು ಹಾಗೇ ಬಿಟ್ಟಿರಲಿಲ್ಲ. ಅವರು ಮಾತಾಡಿದ್ದನ್ನು ಧ್ವನಿಮುದ್ರಿಸಿ, ಒಟ್ಟಿಗೆ ಕೂತು ಕೇಳಿ, ಎಲ್ಲಿ ತಪ್ಪಿತು ಎಂದು ತಿದ್ದುತ್ತಿದ್ದರು.

ನಮ್ಮಲ್ಲಿ ಇಂಥ ಹುದ್ದೆ ಎಲ್ಲ ಪಂಚಾಯತಿನಲ್ಲಿ ಇಲ್ಲ. ಹತ್ತಿರದ ಬಾಗಿಲು ಎಂದರೆ ಆಶಾ ಕಾರ್ಯಕರ್ತೆಯ ಕೆಲಸ, ಪಾಲಿಯೇಟಿವ್ ಆರೈಕೆಯ ಸ್ವಯಂಸೇವೆ, ಕುಟುಂಬಶ್ರೀಯ ಚಟುವಟಿಕೆ. ಕೇರಳದಲ್ಲಿ ಸಂಪೂರ್ಣ ಮಾನಸಿಕಾರೋಗ್ಯಂ ಎಂಬ ಯೋಜನೆಯಲ್ಲಿ ಮನೆಮನೆಗೆ ಹೋಗಿ ಮನಸ್ಸಿನ ಕಾಯಿಲೆ ಇದ್ದವರನ್ನು ಗುರುತಿಸುವವರು ಆಶಾ ಕಾರ್ಯಕರ್ತೆಯರೇ.

ಇನ್ನು ಮೋಸದ ವಿಷಯ. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ನೋಟೀಸು ನೋಡಿದ್ದೀರಾ? "30 ದಿನದಲ್ಲಿ ಕೌನ್ಸೆಲಿಂಗ್ ಡಿಪ್ಲೊಮಾ, ಕೆಲಸ ಗ್ಯಾರಂಟಿ." ನಮ್ಮ ಕೇಂದ್ರದ ಒಬ್ಬಳ ಮಗಳು ಬಳೆ ಅಡವಿಟ್ಟು ಹಾಗೆ ಒಂದು ಕಡೆ ಸೇರಿದಳು. ಬಣ್ಣದ ಸರ್ಟಿಫಿಕೇಟು ಸಿಕ್ಕಿತು. ಅದನ್ನು ಹಿಡಿದು ಇಂಟರ್‌ವ್ಯೂಗೆ ಹೋದಾಗ ಬಾಗಿಲಿನಲ್ಲೇ ಹಿಂದೆ ಕಳಿಸಿದರು. ಬಳೆ ಇನ್ನೂ ಬ್ಯಾಂಕಿನಲ್ಲಿದೆ. ಆದ್ದರಿಂದ ಹಣ ಕೊಡುವ ಮೊದಲು ಕೇಳಿ: ಈ ಸರ್ಟಿಫಿಕೇಟು ಯಾವ ವಿಶ್ವವಿದ್ಯಾಲಯದ್ದು? ಇದನ್ನು ಯಾವ ಸರಕಾರಿ ಕೆಲಸಕ್ಕೆ ಒಪ್ಪುತ್ತಾರೆ? ಅದನ್ನು ಬರೆದು ಕೊಡುತ್ತೀರಾ? ಬರೆದು ಕೊಡಲು ಹಿಂದೆಮುಂದೆ ನೋಡಿದರೆ ನೀವು ಎದ್ದು ಬನ್ನಿ.

ನಿಜವಾದ ಕೆಲಸದ ನೋಟೀಸು ಪತ್ರಿಕೆಯಲ್ಲಿ, ಆಸ್ಪತ್ರೆಯ ಬೋರ್ಡಿನಲ್ಲಿ, ಪಂಚಾಯತ್ ಕಚೇರಿಯಲ್ಲಿ ಬರುತ್ತದೆ. ಹೆಚ್ಚಾಗಿ ಮಲಯಾಳದಲ್ಲಿ ಇರುತ್ತದೆ. ನಾಲ್ಕೈದು ಮಾತು ಗೊತ್ತಿದ್ದರೆ ಅರ್ಧ ಓದಿದ ಹಾಗೆ. 'ಒಳಿವ್' ಎಂದರೆ ಖಾಲಿ ಹುದ್ದೆ. 'ಯೋಗ್ಯತ' ಎಂದರೆ ಅರ್ಹತೆ. 'ಅಭಿಮುಖಂ' ಎಂದರೆ ಸಂದರ್ಶನ. 'ಶಂಬಳಂ' ನಮ್ಮ ಸಂಬಳವೇ. 'ಅಪೇಕ್ಷ' ಎಂಬುದರಲ್ಲಿ ಎಡವಬೇಡಿ. ಕನ್ನಡದಲ್ಲಿ ಅಪೇಕ್ಷೆ ಎಂದರೆ ಆಸೆ. ಮಲಯಾಳದಲ್ಲಿ ಅದು ಅರ್ಜಿ. ಬರೀ ಆಸೆ ಇಟ್ಟುಕೊಂಡು ಮನೆಯಲ್ಲಿ ಕೂತರೆ ಆಗದು, ಅರ್ಜಿ ಹಾಕಬೇಕು! ನಿಮಗೆ ಕನ್ನಡ, ತುಳು, ಮಲಯಾಳ ಮೂರೂ ಬರುವುದಾದರೆ ಅರ್ಜಿಯಲ್ಲಿ ಅದನ್ನು ಮರೆಯದೆ ಬರೆಯಿರಿ. ಇದು ಸಣ್ಣ ವಿಷಯ ಎಂದು ಬಿಡುವವರೇ ಹೆಚ್ಚು.

ಸಂದರ್ಶನದಲ್ಲಿ ಒಂದು ಪ್ರಶ್ನೆ ಬಂದೇ ಬರಬಹುದು: ಗುಟ್ಟು ಕಾಯುತ್ತೀರಾ? ಕೇಳಿದ್ದನ್ನು ಗಂಡನಿಗೂ ಹೇಳಬಾರದು, ಬಾವಿಕಟ್ಟೆಯಲ್ಲೂ ಹೇಳಬಾರದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ರೋಗಿಯ ಗುಟ್ಟು ರೋಗಿಯ ಹಕ್ಕು. ಆದರೆ ಯಾರಾದರೂ "ಸಾಯಬೇಕು ಅನಿಸ್ತದೆ" ಎಂದರೆ ಅದನ್ನು ಒಬ್ಬರೇ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದು. ಅವರನ್ನು ಒಂಟಿಯಾಗಿ ಬಿಡಬಾರದು. ಹಗ್ಗ, ಗದ್ದೆಗೆ ಹೊಡೆಯುವ ಮದ್ದು ಇಂಥವನ್ನು ದೂರ ಇಟ್ಟು, ವೈದ್ಯರಿಗೆ ತಿಳಿಸಬೇಕು, 14416ಕ್ಕೆ ಫೋನ್ ಮಾಡಬೇಕು. ಪೊಲೀಸ್ ಕೇಸು ಆಗ್ತದೆ ಎಂದು ಹೆದರಿ ಮುಚ್ಚಿಡುವವರು ಉಂಟು. ಅದೇ ಕಾಯ್ದೆ ಹೇಳುತ್ತದೆ: ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಅಲ್ಲ, ಆರೈಕೆ ಕೊಡಬೇಕು.

ಅಕ್ಕ ತಮ್ಮನ ಹೆಂಡತಿಯನ್ನು ಎರಡನೇ ಸಲ ಕರೆದುಕೊಂಡು ಹೋದರು. ಈ ಸಲ ತಾವು ಹೊರಗೆ ಬೆಂಚಿನಲ್ಲಿ ಕೂತರು. ಒಳಗೆ ಮಾತು ತಿಳಿಸಲು ಕನ್ನಡ ಬರುವ ಒಬ್ಬ ನರ್ಸನ್ನು ಕೇಳಿಕೊಂಡರು. ಮುಕ್ಕಾಲು ಗಂಟೆ ಬಾಗಿಲು ತೆರೆಯಲಿಲ್ಲವಂತೆ. ಒಳಗೆ ಎಂತ ಹೇಳಿದಳು ಎಂದು ಅಕ್ಕ ಇವತ್ತಿನವರೆಗೆ ಕೇಳಿಲ್ಲ. ಹತ್ತನೇ ತತ್ಸಮಾನದ ಫಾರಂ ಮಾತ್ರ ಮರುದಿನವೇ ತುಂಬಿಸಿದರು.

ಅಭ್ಯಾಸ

ಪಕ್ಕದವರೊಂದಿಗೆ ಜೋಡಿಯಾಗಿ ಕೂರಿ. ಒಬ್ಬರು ಐದು ನಿಮಿಷ ತಮ್ಮ ಒಂದು ಕಷ್ಟ ಹೇಳಲಿ. ಇನ್ನೊಬ್ಬರು ಸಲಹೆ ಕೊಡದೆ ಕೇಳಲಿ. ಆಮೇಲೆ ಅದಲುಬದಲು ಮಾಡಿ. ಕೇಳಿದ್ದನ್ನು ಬೇರೆಯವರಿಗೆ ಹೇಳಬೇಡಿ.

ನಿಮ್ಮ ಹೆಸರು, ವಯಸ್ಸು, ಪಾಸಾದ ತರಗತಿ, ಬರುವ ಭಾಷೆಗಳು, ಇವನ್ನು ಸೇರಿಸಿ ಪಂಚಾಯತ್ ಅಧ್ಯಕ್ಷರಿಗೆ ಐದು ಸಾಲಿನ ಅರ್ಜಿ ಬರೆಯಿರಿ. 'ನಮ್ಮ ಆರೋಗ್ಯ ಕೇಂದ್ರದಲ್ಲಿ ಕನ್ನಡ ಬರುವ ಕೌನ್ಸೆಲರ್ ಬೇಕು' ಎಂಬುದು ಅರ್ಜಿಯ ವಿಷಯ. ಬರೆದದ್ದನ್ನು ಮುಂದಿನ ತರಗತಿಗೆ ತನ್ನಿ.