ಎರೆಭೂಮಿಯ ಸುಣ್ಣವೂ ಭತ್ತದ ಹುಲ್ಲೂ

ಮಣ್ಣು ಕೆಟ್ಟರೆ ಸುಣ್ಣ ಹಾಕಬೇಕೆಂಬ ಉಪದೇಶವು, ಅತಿವೃಷ್ಟಿಯಿಂದ ಕ್ಯಾಲ್ಸಿಯಂ ತೊಳೆದುಹೋಗಿ ಆಮ್ಲೀಯವಾಗಿರುವ ಮಲೆನಾಡು ಮತ್ತು ಕರಾವಳಿಗಳ ಭೂಮಿಗೆ ಸಲ್ಲತಕ್ಕದ್ದು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಎರೆಭೂಮಿಯಾದರೋ ತನ್ನ ಒಡಲಲ್ಲಿಯೇ ಸುಣ್ಣದ ಹರಳುಗಳನ್ನು ಹೊತ್ತುಕೊಂಡಿದೆ. ಕ್ಷಾರಗುಣದ ಆ ಮಣ್ಣಿನಲ್ಲಿ ಅವು ಕರಗುವುದು ಅತ್ಯಲ್ಪವಾದುದರಿಂದ, ಮೇಲೆ ಮತ್ತಷ್ಟು ಸುಣ್ಣ ಸುರಿದರೆ ಹಣ ವ್ಯಯವಾದೀತೇ ಹೊರತು ಮಣ್ಣು ಹದವಾಗದು.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯು ಸಿಂಧನೂರಿನ ಸೀಮೆಯನ್ನು ಭತ್ತದ ಕಣಜವಾಗಿಸಿತು. ಆದರೆ ಹರಿದುಬಂದ ನೀರಿಗೆ ಹೊರಹೋಗುವ ದಾರಿಯಿಲ್ಲದ ತಗ್ಗುಗಳಲ್ಲಿ ಲವಣವು ಮೇಲೆದ್ದು ಹೊಲಗಳು ಸವುಳಾದವು. ಮಣ್ಣಿನ ಜೇಡಿಕಣಗಳನ್ನು ಹಿಡಿದಿಟ್ಟಿದ್ದ ಕ್ಯಾಲ್ಸಿಯಮ್ಮಿನ ಸ್ಥಾನವನ್ನು ಆ ಲವಣದ ಸೋಡಿಯಂ ಆಕ್ರಮಿಸಿದಾಗ, ಕಣಗಳು ಬಿಡಿಬಿಡಿಯಾಗಿ ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಅಂತಹ ಮಣ್ಣು ನೆನೆದರೆ ರಾಡಿ, ಒಣಗಿದರೆ ಕಲ್ಲು. ಅದನ್ನು ಹದಗೊಳಿಸುವ ಕ್ರಮ ಹೀಗೆ:

1. ಪರೀಕ್ಷೆ: ಒಣಗಿದ ಸಣ್ಣ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಮೆಲ್ಲನೆ ಇಳಿಸಿ, ಕದಡದೆ ಒಂದು ದಿನ ಬಿಡಿರಿ. ಹೆಂಟೆಯ ಸುತ್ತ ಹಾಲಿನಂತೆ ಬಗ್ಗಡ ಹರಡಿದರೆ ಸೋಡಿಯಮ್ಮಿನ ಬಾಧೆಯನ್ನು ಶಂಕಿಸಬೇಕು. ಅನಂತರ ಹೊಲದ ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕಿಲೋವನ್ನು ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸಿರಿ. ರಸಸಾರ 8.5ನ್ನು ಮೀರಿ, ವಿನಿಮಯ ಸೋಡಿಯಂ ಶೇ. 15ಕ್ಕಿಂತ ಹೆಚ್ಚಾಗಿದ್ದರೆ ಅದು ಕ್ಷಾರಭೂಮಿ; ಸೋಡಿಯಮ್ಮಿನ ಸ್ಥಾನಕ್ಕೆ ಕ್ಯಾಲ್ಸಿಯಮ್ಮನ್ನು ತರುವ ಜಿಪ್ಸಂ ಅದಕ್ಕೆ ಬೇಕು. ಬರಿಯ ಲವಣವೇ ದೋಷವಾಗಿದ್ದರೆ ಜಿಪ್ಸಂ ಬೇಡ. ಬಸಿದು ತೊಳೆಯುವುದೇ ಅದಕ್ಕೆ ಮದ್ದು.

2. ಬಸಿಗಾಲುವೆ: ಕರಗಿದ ಸೋಡಿಯಂ ಹೊರಹೋಗಲು ಹಾದಿಯಿಲ್ಲದಿದ್ದರೆ ಮುಂದಿನ ಪ್ರಯತ್ನವೆಲ್ಲ ನಿಷ್ಫಲ. ಆದುದರಿಂದ ಮೊದಲು ತಗ್ಗಿನ ಅಂಚಿನಲ್ಲಿ ಬಸಿಗಾಲುವೆಯನ್ನು ತೋಡಿರಿ. ನೆರೆಹೊಲದವರೂ ಕೂಡಿದರೆ ಮತ್ತೂ ಲೇಸು.

3. ಜಿಪ್ಸಂ: ಒಂದು ಲೀಟರು ನೀರಿನಲ್ಲಿ ಇದು ಸುಮಾರು 2.5 ಗ್ರಾಂ ಕರಗುತ್ತದೆ. ಸುಣ್ಣಕಲ್ಲಿಗೆ ಇಷ್ಟು ಕರಗುವ ಗುಣವಿಲ್ಲ. ಪರೀಕ್ಷೆಯ ವರದಿ ಹೇಳಿದಷ್ಟೇ ಪ್ರಮಾಣದ ಪುಡಿಯನ್ನು ಸಮತಟ್ಟು ಮಾಡಿದ ಗದ್ದೆಗೆ ಎರಚಿ, ಮೇಲಿನ 10 ಸೆಂಟಿಮೀಟರಿನಲ್ಲಿ ಬೆರೆಸಿ, ಬದು ಕಟ್ಟಿ ಕಾಲುವೆಯ ಸಿಹಿನೀರನ್ನು ಕೆಲದಿನ ನಿಲ್ಲಿಸಿ ಬಸಿಯಬಿಡಿರಿ. ಸವುಳು ಬೋರ್‌ವೆಲ್ಲಿನ ನೀರು ಈ ಕಾರ್ಯಕ್ಕೆ ಸಲ್ಲದು.

4. ಹುಲ್ಲು: ಕೊಯ್ಲಿನ ಬಳಿಕ ಕೂಳೆಗೂ ಹುಲ್ಲಿಗೂ ಬೆಂಕಿಯಿಡುವವರು ಮಣ್ಣಿನ ಔಷಧವನ್ನೇ ಸುಡುತ್ತಾರೆ. ಕೊಳೆಯುವ ಹುಲ್ಲಿನಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಬೆರೆತು, ಹೊಲದಲ್ಲಿ ಜಡವಾಗಿ ಬಿದ್ದಿದ್ದ ಸುಣ್ಣದ ಹರಳನ್ನು ತುಸುತುಸುವೇ ಕರಗಿಸಿ ಕ್ಯಾಲ್ಸಿಯಮ್ಮನ್ನು ಬಿಡಿಸಿಕೊಡುತ್ತದೆ. ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು ಮಣ್ಣಿನ ಕಣಗಳನ್ನು ಒಟ್ಟುಗೂಡಿಸುತ್ತದೆ. ಹುಲ್ಲನ್ನು ತುಂಡರಿಸಿ, ನೆಲದ ಹಸಿ ಆರುವ ಮುನ್ನ, ನಾಟಿಗೆ ಕನಿಷ್ಠ ಮೂರು ನಾಲ್ಕು ವಾರ ಮೊದಲೇ ಮಣ್ಣಿಗೆ ಸೇರಿಸಿರಿ; ಕೊಳೆಯುವ ಹುಲ್ಲು ಸಾರಜನಕವನ್ನು ಸೆಳೆದುಕೊಳ್ಳುವುದರಿಂದ ಯೂರಿಯಾದ ಒಂದು ಪಾಲನ್ನು ಆಗಲೇ ಕೊಡಿರಿ. ನಿಂತ ನೀರಿನಲ್ಲಿ ಕೊಳೆಯದ ಹುಲ್ಲನ್ನು ಹೂಳಿದರೆ ಬೇರಿಗೆ ಹಾನಿಯುಂಟು. ಎರಡು ಬೆಳೆಗಳ ನಡುವೆ ಬಿಡುವಿದ್ದಲ್ಲಿ ಹಸಿರೆಲೆ ಗೊಬ್ಬರದ ಡಯಂಚ ಬಿತ್ತಿ, ಹೂಬಿಡುವ ಹೊತ್ತಿಗೆ ಉತ್ತುಬಿಡಿರಿ.

5. ಬೆದ್ದಲು: ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳಲ್ಲಿ ಜೋಳದ ಕಣಿಕೆ ದನಗಳ ಪಾಲು, ಅದು ಸಗಣಿಗೊಬ್ಬರವಾಗಿ ಹೊಲಕ್ಕೆ ಮರಳಲಿ. ತೊಗರಿಯ ಉದುರೆಲೆ, ಹೊಟ್ಟುಗಳನ್ನು ನೆಲದ ಮೇಲೆಯೇ ಹೊದಿಕೆಯಾಗಿ ಬಿಟ್ಟರೆ ಮಳೆಹನಿಯ ಪೆಟ್ಟಿಗೆ ಮಣ್ಣು ಹೆಪ್ಪುಗಟ್ಟುವುದು ತಗ್ಗುತ್ತದೆ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಸವುಳು ಭೂಮಿಯ ವಿಷಯದಲ್ಲಿ ಕೆಲಸ ಮಾಡುತ್ತಿದೆ; ಸಂದೇಹವಿದ್ದವರು ಅಲ್ಲಿ ವಿಚಾರಿಸಬಹುದು. ಫಲವು ಒಂದೇ ಬೆಳೆಯಲ್ಲಿ ಪೂರ್ಣವಾಗಿ ಕಾಣದು. ಮುಂದಿನ ವರ್ಷ ಅದೇ ಗದ್ದೆಯ ಹೆಂಟೆಯನ್ನು ಅದೇ ಲೋಟದಲ್ಲಿ ಇಳಿಸಿರಿ: ನೀರು ಹೋದ ವರ್ಷಕ್ಕಿಂತ ತಿಳಿಯಾಗಿದ್ದರೆ, ಜಿಪ್ಸಮ್ಮೂ ಸುಡದೆ ಉಳಿಸಿದ ಹುಲ್ಲೂ ತಮ್ಮ ಕೆಲಸವನ್ನು ಆರಂಭಿಸಿವೆಯೆಂದು ತಿಳಿಯಿರಿ.