ಆರರವರೆಗೆ ಏರಿ ಇಳಿಯುವ ಸಂಖ್ಯೆ

ಪ್ರಶ್ನೆ: 111111 ಅನ್ನು ಅದರಿಂದಲೇ ಗುಣಿಸಿದರೆ 12345654321 ಬರುತ್ತದೆ. ಇದು ಬರೀ ಅಂಕಿಗಳ ಆಟವೇ? ಗಣಿತದವರು ಇಂಥ ಸಂಖ್ಯೆಯನ್ನು ಯಾವ ಗುಂಪಿಗೆ ಸೇರಿಸುತ್ತಾರೆ?
— ಓದುಗರೊಬ್ಬರು, ಚಿಕ್ಕಪಡಸಲಗಿ, ಜಮಖಂಡಿ ತಾಲ್ಲೂಕು

ಉತ್ತರ: ಆಟವೇ ಸರಿ, ಆದರೆ ಸಾವಿರ ವರ್ಷಕ್ಕೂ ಹಳೆಯ ಆಟ. ಒಂಬತ್ತನೇ ಶತಮಾನದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿದ ಅದೇ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ 27994681 ಅನ್ನು 441ರಿಂದ ಗುಣಿಸುವ ಲೆಕ್ಕವಿದೆ. ಮಾಡಿ ನೋಡಿ, ನಿಮ್ಮ ಸಂಖ್ಯೆಯೇ ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳಿಗೆ ಅವರು ‘ಕಂಠಾಭರಣ’ದಂಥ ಹೆಸರು ಕೊಟ್ಟರು. ಲೆಕ್ಕದ ಪುಸ್ತಕದಲ್ಲಿ ಒಡವೆಯ ಮಾತು ಬರುವುದು ನನಗಂತೂ ಬಲು ಇಷ್ಟ.

ಅಂಕಿಗಳು ಹೀಗೇಕೆ ಜೋಡಿಸಿಕೊಳ್ಳುತ್ತವೆ? ಗುಣಿಸುವಾಗ 111111 ಎಂಬ ಒಂದೇ ಸಾಲನ್ನು ಆರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸಿ ಬರೆಯುತ್ತೇವೆ. ಬಲತುದಿಯಲ್ಲಿ ಕೂಡಲು ಒಂದೇ 1, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಆರು. ಎಲ್ಲೂ ದಶಕ ಉಳಿಯುವುದಿಲ್ಲ. ಒಂಬತ್ತು 1ಗಳವರೆಗೆ ಹೀಗೆಯೇ ನಡೆಯುತ್ತದೆ. ಹತ್ತಾದರೆ ದಶಕ ಬಂದು ಅಂದ ಕೆಡುತ್ತದೆ.

ಇನ್ನು ಗುಂಪು. ಇದು ಬೆಸ ಸಂಖ್ಯೆ, ಪೂರ್ಣವರ್ಗ, ಅವಿಭಾಜ್ಯವಂತೂ ಅಲ್ಲ. 111111 ಎಂದರೆ 3 × 7 × 11 × 13 × 37. ಅದರ ವರ್ಗದಲ್ಲಿ ಈ ಐದೂ ಎರಡೆರಡು ಸಲ ಬರುತ್ತವೆ. ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಹಾಗಾಗಿ ಒಟ್ಟು ಅಪವರ್ತನಗಳು 3 × 3 × 3 × 3 × 3, ಅಂದರೆ 243.

ಸ್ವಾರಸ್ಯ ಇರುವುದು ಇವುಗಳ ಮೊತ್ತದಲ್ಲಿ. 6ನ್ನು ಬಿಟ್ಟು ಅದರ ಉಳಿದ ಅಪವರ್ತನಗಳನ್ನು ಕೂಡಿದರೆ 1 + 2 + 3, ಮತ್ತೆ 6 ಬರುತ್ತದೆ. ಇಂಥದ್ದು ಪರಿಪೂರ್ಣ ಸಂಖ್ಯೆ. ಮೊತ್ತ ಕಡಿಮೆಯಾದರೆ ಕೊರತೆಯ ಸಂಖ್ಯೆ, ಮೀರಿದರೆ ಸಮೃದ್ಧ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಸಮೃದ್ಧವಾದವು ಅಪರೂಪ, ಅವುಗಳಲ್ಲಿ ಅತಿ ಚಿಕ್ಕದೇ 945. ನಿಮ್ಮ ಸಂಖ್ಯೆಯ ಮೊತ್ತ 13029870672. ಸಂಖ್ಯೆಗಿಂತ ಹೆಚ್ಚು, ಹಾಗಾಗಿ ಅದು ಸಮೃದ್ಧ.

ಅದನ್ನು ಗೆರೆ ದಾಟಿಸಿದ್ದು 37. ಅದನ್ನು ತೆಗೆದು 3 × 7 × 11 × 13 = 3003ರ ವರ್ಗ ನೋಡಿ: 9018009. ಅದರ ಅಪವರ್ತನಗಳ ಮೊತ್ತ 9017190. ತೊಂಬತ್ತು ಲಕ್ಷದಲ್ಲಿ ಬರೀ 819 ಕಡಿಮೆ!

ಬೆಸ ಪರಿಪೂರ್ಣ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ. ಆದರೆ ಬೆಸ ವರ್ಗಗಳಲ್ಲಿ ಹುಡುಕುವುದು ವ್ಯರ್ಥ. 9018009ಕ್ಕೆ ತನ್ನನ್ನು ಬಿಟ್ಟು 80 ಅಪವರ್ತನಗಳಿವೆ, ಎಲ್ಲವೂ ಬೆಸ. ಎಂಬತ್ತು ಬೆಸ ಸಂಖ್ಯೆಗಳನ್ನು ಕೂಡಿದರೆ ಸಮ ಸಂಖ್ಯೆಯೇ ಬರಬೇಕು, ಅದು ಬೆಸವಾದ 9018009ಕ್ಕೆ ಎಂದೂ ಸರಿಹೊಂದದು. ನಿಮ್ಮ ಸಂಖ್ಯೆಗೂ ಇದೇ ಮಾತು: ತನ್ನನ್ನು ಬಿಟ್ಟರೆ 242.